ನಾಯಕನ ಅರ್ಧ ಬೆನ್ನು

ಜನವರಿ 6

ಇಂದು ಚಿತ್ರರಂಗಕ್ಕೆ ನನ್ನ ಪ್ರವೇಶವಾಯಿತು. ಮುಂದೊಂದು ದಿನ ನನ್ನ ಜೀವನಚರಿತ್ರೆ ಬರೆಯಲು ಕೂರುವ ಮಹನೀಯರು ಈ ಪುಟಕ್ಕೆ ಬಂದಾಗ ಕಣ್ಣಿಗೆ ಶ್ರಮವಾಗಬಾರದೆಂದು ಅಕ್ಷರಗಳನ್ನು ದುಂಡಗೆ ಬರೆಯುತ್ತಿದ್ದೇನೆ. ಪ್ರವೇಶ ಬೆನ್ನು ಮುಂದಾಗಿ ಆಯಿತು ಎಂಬ ಒಂದು ವಿಷಯವನ್ನು ಮಾತ್ರ ಅವರು ಹೇಗಾದರೂ ಹೊಂದಿಸಿಕೊಂಡು ಬರೆಯಬೇಕಾಗುತ್ತದೆ.

ನಡೆದದ್ದು ಹೀಗೆ. ಸ್ಟುಡಿಯೋದ ಅಂಗಳದಲ್ಲಿ ಪಾರ್ಟು ಕೇಳಿ ಬಂದ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಎಲ್ಲರೂ ತಂತಮ್ಮ ಶ್ರೇಷ್ಠ ಮುಖವನ್ನು ಧರಿಸಿಕೊಂಡು ನಿಂತಿದ್ದೆವು. ನಾನು ಶೋಕಕ್ಕೆ ಒಂದು ಚೂರು ಶೌರ್ಯ ಬೆರೆಸಿದ ಮುಖವನ್ನು ಆರಿಸಿಕೊಂಡಿದ್ದೆ; ಕನ್ನಡಿಯ ಮುಂದೆ ವಾರಗಟ್ಟಲೆ ಹದ ಮಾಡಿದ ಮುಖ ಅದು. ಮ್ಯಾನೇಜರ್ ಬಂದು ನನ್ನ ಮುಂದೆ ನಿಂತು, ಒಮ್ಮೆ ನೋಡಿ, "ತಿರುಗು" ಅಂದರು. ತಿರುಗಿದೆ. ದರ್ಜಿ ಬಂದು ಭುಜದಿಂದ ಭುಜಕ್ಕೆ ಟೇಪು ಹಿಡಿದ.

"ಅದೇ ಅಳತೆ ಸಾರ್. ಕತ್ತು ಕೂಡ ಅದೇ," ಅಂದ ದರ್ಜಿ.

"ಹಾಗಾದ್ರೆ ಇವನೇ ಆಗ್ಲಿ," ಅಂದರು ಮ್ಯಾನೇಜರ್.

"ಸಾರ್, ನೀವು ಮುಖ ಸರಿಯಾಗಿ ನೋಡ್ಲಿಲ್ಲ," ಅಂದೆ, ಗೋಡೆಯನ್ನು ನೋಡುತ್ತ.

"ನೋಡ್ದೆ ಕಣಯ್ಯ. ನೋಡಿದ್ದಕ್ಕೇ ತಿರುಗು ಅಂದಿದ್ದು."

ಕೆಲಸ ಇಷ್ಟು. ಹೀರೋ ಮತ್ತು ಇನ್ನೊಬ್ಬರು ಎದುರುಬದುರು ನಿಂತು ಮಾತಾಡುವ ದೃಶ್ಯದಲ್ಲಿ ಮೊದಲು ಹೀರೋ ಮುಖವನ್ನು ತೆಗೆಯುತ್ತಾರೆ. ಅದು ಮುಗಿದ ಕೂಡಲೇ ಹೀರೋ ಕಾರು ಹತ್ತಿ ಮನೆಗೆ ಹೋಗುತ್ತಾರೆ. ಆಮೇಲೆ ಕ್ಯಾಮೆರಾವನ್ನು ಆಚೆ ಕಡೆ ಇಟ್ಟು ಎದುರಿನವರ ಮುಖ ತೆಗೆಯಬೇಕು. ಆಗ ಚಿತ್ರದ ಅಂಚಿನಲ್ಲಿ ಹೀರೋನ ಭುಜ, ಕತ್ತು, ಅರ್ಧ ಬೆನ್ನು ಕಾಣಬೇಕಲ್ಲ. ಆ ಭುಜ, ಆ ಕತ್ತು, ಆ ಅರ್ಧ ಬೆನ್ನು ನಾನು. ಅವರದೇ ಥರದ ಅಂಗಿ ತೊಟ್ಟು, ಅವರ ಜಾಗದಲ್ಲಿ ನಿಂತು, ಅವರ ಮಾತುಗಳನ್ನು ಎದುರಿನವರಿಗೆ ಒಪ್ಪಿಸಬೇಕು. ನನ್ನ ಧ್ವನಿಯನ್ನು ಆಮೇಲೆ ತೆಗೆದು ಅವರ ಧ್ವನಿ ಹಾಕುತ್ತಾರೆ.

ಒಟ್ಟಿನಲ್ಲಿ ಮುಖವಿಲ್ಲ, ಧ್ವನಿಯಿಲ್ಲ. ಮಿಕ್ಕ ನಟನೆಯೆಲ್ಲ ನನ್ನದೇ.

ಜನವರಿ 9

ಅಪ್ಪ ತೀರಿಕೊಂಡ ಮೇಲೆ ಹಾಸಿಗೆ ಅಂಗಡಿಯನ್ನೂ ನನ್ನನ್ನೂ ಸಾಕುತ್ತ ಬಂದವನು ಅಣ್ಣ. ಎರಡರಲ್ಲಿ ಅಂಗಡಿಯೇ ವಾಸಿ ಎಂಬುದು ಅವನ ಖಚಿತ ಅಭಿಪ್ರಾಯ. ಅದು ಕನ್ನಡಿ ನೋಡಿಕೊಳ್ಳುವುದಿಲ್ಲವಂತೆ. ಇಂದು ಅವನಿಗೆ ಸುದ್ದಿ ಹೇಳಿದೆ. ಅವನು ಹಾಸಿಗೆಯ ಚೀಲದೊಳಕ್ಕೆ ಮೊಣಕೈವರೆಗೂ ಕೈ ತೂರಿಸಿ ಹತ್ತಿ ತುಂಬುತ್ತಿದ್ದ.

"ಏನ್ ಪಾರ್ಟು?"

"ಹೀರೋ ಬೆನ್ನು."

ಹತ್ತಿ ತುಂಬುವುದು ನಿಂತಿತು. "ಇಡೀ ಬೆನ್ನಾ?"

"ಅರ್ಧ."

"ಇನ್ನರ್ಧ ಯಾರಿಗೆ ಕೊಟ್ಟಿದಾರೆ?"

ಇಂಥ ಮಾತಿಗೆ ಉತ್ತರ ಕೊಡುವುದು ಕಲಾವಿದನ ಘನತೆಗೆ ತಕ್ಕದ್ದಲ್ಲ. ಅಮ್ಮ ಮಾತ್ರ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು, "ಹೀರೋ ಬೆನ್ನು ಅಂದ್ರೆ ಹೀರೋನೇ ಆಯ್ತಲ್ಲೋ. ಬೆನ್ನಿಲ್ದೆ ಯಾವ ಹೀರೋ ನಿಲ್ತಾನೆ?" ಅಂದಳು. ಅಂದವಳು ಸುಮ್ಮನಿರಲಿಲ್ಲ. ಸಂಜೆಯೊಳಗೆ ಬೀದಿಯ ಆ ತುದಿಗೆ ಸುದ್ದಿ ಮುಟ್ಟಿ, ಅಲ್ಲಿಂದ 'ಇವರ ಮಗ ಹೀರೋ ಅಂತೆ' ಎಂದಾಗಿ ವಾಪಸ್ಸು ಬಂತು. ಬೆನ್ನು ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. ನಾನು ಹುಡುಕಲು ಹೋಗಲಿಲ್ಲ.

ಜನವರಿ 20

ಸ್ಟುಡಿಯೋದಲ್ಲಿ ನನ್ನನ್ನು ಎಲ್ಲರೂ ಬೆನ್ನಪ್ಪ ಎಂದು ಕರೆಯುತ್ತಾರೆ. ಜೀವನಚರಿತ್ರಕಾರರು ಇದನ್ನು ಬರೆಯಲೇಬೇಕೆಂದೇನೂ ಇಲ್ಲ.

ಇಂದು ಹೀರೋ ಖುದ್ದಾಗಿ ನನ್ನನ್ನು ಮಾತಾಡಿಸಿದರು. ಕಾರು ಹತ್ತುವ ಮೊದಲು ಹತ್ತಿರ ಬಂದು, "ನೀನೇನಾ ನಾನು?" ಅಂದರು.

"ಹೌದು ಸಾರ್."

"ಸ್ವಲ್ಪ ನೆಟ್ಟಗೆ ನಿಲ್ಲಪ್ಪ. ನನಗೆ ಗೂನು ಅಂತ ಜನ ತಿಳ್ಕೊಂಡಾರು."

ಒಳ್ಳೆಯ ಮನುಷ್ಯ. ನೆಟ್ಟಗೆ ನಿಂತೆ.

ಫೆಬ್ರವರಿ 2

ನಿಂತಿದ್ದೆ.

ಫೆಬ್ರವರಿ 3

ನಿನ್ನೆಯಂತೆಯೇ. ಸ್ವಲ್ಪ ಎಡಕ್ಕೆ.

ಮಾರ್ಚ್ 14

ಚಿತ್ರ ತೆರೆಕಂಡಿತು. ಅಮ್ಮ, ಅಣ್ಣ, ಎದುರುಮನೆ ಅತ್ತೆ, ನಾನು, ನಾಲ್ವರೂ ಮೊದಲನೇ ದಿನವೇ ಹೋದೆವು. ಅಮ್ಮ ಮದುವೆಮನೆಗೆ ಹೊರಟವಳ ಹಾಗೆ ತಲೆ ಬಾಚಿಕೊಂಡಿದ್ದಳು.

ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೇ ಹೀರೋ ಪರದೆಯ ತುಂಬ ನಮಗೆ ಬೆನ್ನು ಮಾಡಿ ಗಾಳಿಗೆದುರಾಗಿ ನಡೆದುಹೋಗುವ ದೃಶ್ಯ ಬಂತು. ಅಮ್ಮ ನನ್ನ ತೋಳು ಹಿಡಿದಳು.

"ನೀನೇ," ಅಂದಳು. "ಏನ್ ಗತ್ತು ನೋಡ್ರೀ. ಇವನು ನಮ್ಮ ಚಿಕ್ಕವನು," ಅಂತ ಎದುರುಮನೆ ಅತ್ತೆಗೆ ಹೇಳಿದಳು. ಅವರು ತಮ್ಮ ಪಕ್ಕದವರಿಗೆ ಹೇಳಿದರು. ಆ ಪಕ್ಕದವರು ಯಾರೋ ನಮಗೆ ಗೊತ್ತಿಲ್ಲ, ಅವರೂ ಸಂತೋಷಪಟ್ಟರು.

ಅದು ನಾನಲ್ಲ. ಸಾಕ್ಷಾತ್ ಹೀರೋ ಅವರೇ. ನಡೆಯುವ ಬೆನ್ನೆಲ್ಲ ಅವರದು. ನಿಲ್ಲುವ ಬೆನ್ನು ಮಾತ್ರ ನನ್ನದು. ಹೇಳೋಣವೆಂದು ಬಾಯಿ ತೆರೆದೆ. ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು. ಬಾಯಿ ಮುಚ್ಚಿದೆ.

ಮಧ್ಯಂತರ ಕಳೆದು ನನ್ನ ದೃಶ್ಯ ಬಂತು. ವಕೀಲರೊಬ್ಬರು ಹೀರೋಗೆ ಕೆಟ್ಟ ಸುದ್ದಿ ಹೇಳುತ್ತಾರೆ. ಅಂಚಿನಲ್ಲಿ ನನ್ನ ಭುಜ, ನನ್ನ ಕತ್ತು, ನನ್ನ ಅರ್ಧ ಬೆನ್ನು. ಅಮ್ಮ ಮುಂದಕ್ಕೆ ಬಾಗಿ ನೋಡಿದಳು.

"ಇವನ್ಯಾರೋ ಕಂಬ," ಅಂದಳು. "ಮನೆ ಮುಳುಗ್ತಿದೆ ಅಂತ ಆ ವಕೀಲರು ಹೇಳ್ತಿದಾರೆ, ಇವನು ಬಸ್ಸು ಕಾಯೋನ ಹಾಗೆ ನಿಂತಿದಾನಲ್ಲ. ಇಲ್ಲೂ ನಿನ್ನನ್ನೇ ಹಾಕಿದ್ರೆ ಎಷ್ಟು ಚೆನ್ನಾಗಿರ್ತಿತ್ತು."

ಅಣ್ಣ ಕತ್ತಲಲ್ಲಿ ಒಮ್ಮೆ ನನ್ನ ಕಡೆ ತಿರುಗಿದ. ಆಮೇಲೆ ಪರದೆ ನೋಡಿದ. ಅವನಿಗೆ ಗೊತ್ತಾಗಿತ್ತು. ಇಂಥ ಅವಕಾಶ ಮತ್ತೆ ಸಿಗುವುದಿಲ್ಲ, ಆದರೂ ಅವನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮಾರ್ಚ್ 15

ಕಂಬ.

ಮಾರ್ಚ್ 22

ಮನುಷ್ಯ ತನ್ನ ಬೆನ್ನನ್ನು ತಾನು ನೋಡಿಕೊಳ್ಳಲು ಎರಡು ಕನ್ನಡಿ, ಒಂದು ಸ್ಟೂಲು ಮತ್ತು ಬಹಳಷ್ಟು ತಾಳ್ಮೆ ಬೇಕು. ಗೋಡೆಯ ಕನ್ನಡಿಗೆ ಬೆನ್ನು ಮಾಡಿ, ಅಮ್ಮನ ಕೈಗನ್ನಡಿಯನ್ನು ಮುಂದೆ ಹಿಡಿದು, ಬೆನ್ನಿನಲ್ಲಿ ದುಃಖ ತಂದುಕೊಳ್ಳಲು ಪ್ರಯತ್ನಿಸಿದೆ. ದುಃಖ ಮುಖಕ್ಕೆ ಬಂತು, ಮೊಣಕಾಲಿಗೂ ಬಂತು, ಬೆನ್ನಿಗೆ ಬರಲಿಲ್ಲ. ಕೋಪ ತರಲು ಹೋಗಿ ಕತ್ತು ಹಿಡಿದುಕೊಂಡಿತು.

ಅಣ್ಣ ಬಾಗಿಲಲ್ಲಿ ನಿಂತು ನೋಡಿ, "ಬೆನ್ನಲ್ಲಿ ಕುರು ಎದ್ದಿದ್ಯಾ?" ಅಂದ.

"ಅಭ್ಯಾಸ ಮಾಡ್ತಿದೀನಿ."

"ಕತ್ತು ಯಾಕೆ ಹಾಗೆ?"

"ಅದು ಕೋಪ."

ಅವನು ಬಂದು ಕತ್ತು ತಿಕ್ಕಿ ಹೋದ. ಹತ್ತಿ ಹಿಂಜುವ ಕೈ. ಕೋಪ ಪೂರ್ತಿ ಇಳಿಯಿತು.

ಏಪ್ರಿಲ್ 3

ಹೊಸ ಚಿತ್ರ ಶುರುವಾಯಿತು. ಅದೇ ಹೀರೋ, ಅದೇ ನಾನು. ಕೆಲಸ ಕಳೆದುಕೊಂಡ ಮಗ ಅದನ್ನು ತಾಯಿಯಿಂದ ಮುಚ್ಚಿಟ್ಟು ದಿನವೂ ಊಟದ ಡಬ್ಬಿ ಹಿಡಿದು ಎಲ್ಲೆಲ್ಲೋ ಹೋಗಿ ಕೂತು ಬರುವ ಕಥೆ. ತಾಯಿಯ ಪಾತ್ರಕ್ಕೆ ಬಂದಿರುವವರು ಎಷ್ಟೋ ವರ್ಷಗಳಿಂದ ಪರದೆಯ ಮೇಲೆ ಎಲ್ಲರ ತಾಯಿಯಾಗಿ ಬಂದವರು. ಸ್ಟುಡಿಯೋದಲ್ಲಿ ನಿರ್ದೇಶಕರಿಂದ ಹಿಡಿದು ಬಡಗಿಯವರೆಗೆ ಎಲ್ಲರಿಗೂ ದೊಡ್ಡಮ್ಮ.

ಮುಖ್ಯ ಸಂಗತಿ ಈಗ ಬರೆಯುತ್ತೇನೆ. ಈ ಚಿತ್ರದಲ್ಲಿ ನನಗೆ ಮುಖವಿದೆ. ಹೋಟೆಲ್ ದೃಶ್ಯದಲ್ಲಿ ಹೀರೋನ ಮೇಜಿಗೆ ಬಂದು "ಇನ್ನೇನು ಬೇಕು ಸಾರ್?" ಎನ್ನುವ ಮಾಣಿ. ಕ್ಯಾಮೆರಾ ನೇರವಾಗಿ ನನ್ನ ಮುಖದ ಮೇಲೆ. ಮ್ಯಾನೇಜರ್ ಬಾಯಿಬಿಟ್ಟು ಹೇಳಿದ್ದಾರೆ. ಬೆನ್ನಿನ ಕೆಲಸ ತಕರಾರಿಲ್ಲದೆ ಮಾಡಿದರೆ ಮಾಣಿ ನಾನೇ.

ಅಣ್ಣ ಕೇಳಿಸಿಕೊಂಡು, ಬಹಳ ಹೊತ್ತು ಸೂಜಿಗೆ ದಾರ ಪೋಣಿಸಿ, ತೀರ್ಪು ಕೊಟ್ಟ. "ಸರಿ. ಈ ಚಿತ್ರದಲ್ಲಿ ನಿನ್ನ ಮುಖ ಕಂಡ್ರೆ ನಿನ್ನ ದಾರಿ ನಿನಗೆ, ನಾನು ಮತ್ತೆ ಕೇಳಲ್ಲ. ಕಾಣದಿದ್ರೆ ಅಂಗಡಿಗೆ ಬಾ. ನನಗೂ ಒಬ್ಬನ ಕೈಲಿ ಆಗ್ತಿಲ್ಲ ಕಣೋ."

ಕೊನೆಯ ಮಾತನ್ನು ಅವನು ಸೂಜಿಗೆ ಹೇಳಿದಂತಿತ್ತು. ನಾನು ಒಪ್ಪಿದೆ.

ಏಪ್ರಿಲ್ 6

'ಇನ್ನೇನು ಬೇಕು ಸಾರ್' ಎಂಬ ವಾಕ್ಯವನ್ನು ವಿನಯ, ವಿಷಾದ, ವ್ಯಂಗ್ಯ ಮತ್ತು ಗುಟ್ಟು ಗೊತ್ತಿರುವವನ ಮುಗುಳ್ನಗೆಯೊಂದಿಗೆ ಹೇಳಿ ನೋಡಿದೆ. ಊಟಕ್ಕೆ ಕೂತಿದ್ದ ಅಣ್ಣ, "ಸ್ವಲ್ಪ ಅನ್ನ, ಆಮೇಲೆ ನೆಮ್ಮದಿ," ಅಂದ.

ಏಪ್ರಿಲ್ 11

ದೊಡ್ಡಮ್ಮನ ಎದುರು ನಿಂತೆ. ಸಣ್ಣ ದೃಶ್ಯ, ತಾಯಿ ಮಗನಿಗೆ ಅಂಗಿಯ ಗುಂಡಿ ಹೊಲಿದುಕೊಡುವುದು. ಅವರು ಮಾತಾಡುವಾಗ ನಾನು ನನ್ನ ಮುಂದಿನ ಸಾಲನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಶಾಟ್ ಮುಗಿದ ಮೇಲೆ ಅವರು ನನ್ನನ್ನು ಕೈಸನ್ನೆ ಮಾಡಿ ಕರೆದರು.

"ನಾನು ಈಗ ಏನಂದೆ ಹೇಳು."

ಅವರ ಸಾಲುಗಳನ್ನೆಲ್ಲ ತಪ್ಪಿಲ್ಲದೆ ಒಪ್ಪಿಸಿದೆ.

"ಅದು ಬರೆದುಕೊಟ್ಟಿದ್ದು. ನಾನು ಏನಂದೆ ಅಂತ ಕೇಳಿದ್ದು."

ನಾನು ಕಣ್ಣು ಕಣ್ಣು ಬಿಟ್ಟೆ. ಅವರು ನಕ್ಕರು. "ಬೇಜಾರು ಮಾಡ್ಕೋಬೇಡ. ಈ ಊದಿಕೊಂಡ ಕಾಲಿಟ್ಕೊಂಡು ಇಷ್ಟು ವರ್ಷದಿಂದ ನಿಂತಿದೀನಿ, ಎದುರಿಗೆ ನಿಂತವರೆಲ್ಲ ತಮ್ಮ ಸರದಿ ಕಾಯೋರೇ. ಯಾರಾದ್ರೂ ಕೇಳಿಸ್ಕೊಂಡ್ರೆ ಗೊತ್ತಾಗಿಬಿಡುತ್ತೆ. ಬಿಸಿಲಿಗೆ ಬಂದ ಹಾಗಾಗುತ್ತೆ."

ಸಂಜೆ ಅಮ್ಮ ತರಕಾರಿಯವನ ಜೊತೆ ಆದ ಜಗಳವನ್ನು ಹೇಳುತ್ತಿದ್ದಾಗ, ಇದುವರೆಗೆ ನಾನು ಇಂಥ ಜಗಳಗಳನ್ನು 'ಹೂಂ' 'ಹೂಂ' ಅನ್ನುತ್ತ ಕಳೆದಿದ್ದು ನೆನಪಾಯಿತು. ಇವತ್ತು ಸುಮ್ಮನೆ ಕೇಳಿದೆ. ಅದು ಜಗಳವೇ ಅಲ್ಲ. ಅವನು ಅಂಗಡಿ ಬೇರೆ ಕಡೆಗೆ ಸಾಗಿಸುತ್ತಾನಂತೆ, ಅಮ್ಮನಿಗೆ ಬೇಸರವಾಗಿದೆ.

ಏಪ್ರಿಲ್ 19

ಅಮ್ಮ ಎದುರುಮನೆ ಅತ್ತೆಯ ಜೊತೆ ಆ ಹಳೇ ಚಿತ್ರವನ್ನು ಎರಡನೇ ಸಲ ನೋಡಿಬಂದಳು. ಬಂದವಳು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು.

"ಆ ಕಂಬ ನೀನೇ ಅಲ್ವೇನೋ?"

ನಾನು ಚಾಪೆ ಹಾಸತೊಡಗಿದೆ.

"ಎಡಗೈ ಬೆನ್ನಿಗಿಟ್ಟು ಹೆಬ್ಬೆರಳು ಮುಷ್ಟಿಯೊಳಗೆ ಮಡಚಿಕೊಂಡು ನಿಂತಿದ್ದೆ. ಶಾಲೇಲಿ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದಾಗೆಲ್ಲ ಹಾಗೇ ನಿಲ್ತಿದ್ದೆ." ಒಳಗೆ ಬಂದು ಕೂತಳು. "ಮೊದಲೇ ಹೇಳಬಾರದಿತ್ತಾ. ಗೊತ್ತಿದ್ರೆ ಸ್ವಲ್ಪ ಒಳ್ಳೇ ಮಾತಾಡ್ತಿದ್ದೆ."

"ನೀನು ಹೇಳಿದ್ದು ಸರಿಯಾಗೇ ಇತ್ತು ಬಿಡಮ್ಮ."

"ಸರಿ ಇದ್ರೆ ಹೇಳಲೇಬೇಕಾ?" ಅಂದಳು. ಆಮೇಲೆ, "ಭಯ ಆಗಿತ್ತಾ ನಿನಗೆ?" ಅಂತ ಕೇಳಿದಳು.

ನಾನು ಅಂದು ಸ್ಥೈರ್ಯವನ್ನು ಅಭಿನಯಿಸಿದೆನೆಂದು ತಿಳಿದಿದ್ದೆ. ಈಗ ಯೋಚಿಸಿದರೆ, ಹೌದು, ತುಂಬ ಭಯವಾಗಿತ್ತು.

ಮೇ 6

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಡಬ್ಬಿಯ ದೃಶ್ಯ ಇಂದು. ಚಿತ್ರದ ಪ್ರಾಣವೇ ಅದು ಎನ್ನುತ್ತಾರೆ ನಿರ್ದೇಶಕರು. ಮಗ ಬೆಳಿಗ್ಗೆ ಹೊರಡಲು ನಿಂತಿದ್ದಾನೆ. ತಾಯಿ ಡಬ್ಬಿಯ ಮುಚ್ಚಳ ಹಾಕುತ್ತ, ನಿನ್ನ ಕೆಲಸ ಹೋದದ್ದು ನನಗೆ ಆವತ್ತೇ ಗೊತ್ತಾಯಿತು ಎಂದು ಹೇಳಿಬಿಡುತ್ತಾಳೆ. ಹೀರೋ ತಮ್ಮ ಮುಖವನ್ನು ಮೊದಲೇ ಕೊಟ್ಟು ಮನೆಗೆ ಹೋಗಿದ್ದರು. ಕಲ್ಲಿನಂಥ ಮುಖ ಮಾಡಿದ್ದರಂತೆ. ಮಗ ಸ್ವಾಭಿಮಾನಿ, ತಾಯಿಯ ಮುಂದೆ ಅಳುವವನಲ್ಲ. ನಾನು ಅಂಗಿ ತೊಟ್ಟು ನಿಂತೆ. ದೊಡ್ಡಮ್ಮ ಶುರು ಮಾಡಿದರು.

ನನ್ನ ಸಾಲು: "ಗೊತ್ತಿದ್ದೂ ದಿನಾ ಡಬ್ಬಿ ಕಟ್ಟಿಕೊಟ್ಯಾ?"

ಅವರ ಸಾಲು: "ಕೆಲಸ ಇಲ್ಲದವನಿಗೂ ಮಧ್ಯಾಹ್ನ ಹಸಿವಾಗುತ್ತಲ್ಲಪ್ಪಾ."

ಇಷ್ಟೇ. ಬಯ್ಯಲಿಲ್ಲ, ದನಿ ಏರಿಸಲಿಲ್ಲ. ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ಒತ್ತಿ ನೋಡಿದರು.

"ಕಟ್," ಅಂದರು ನಿರ್ದೇಶಕರು. "ಬೆನ್ನಪ್ಪ, ಯಾಕಯ್ಯಾ ನಿನ್ನ ಬೆನ್ನು ಅಳ್ತಿದೆ?"

"ಇಲ್ಲ ಸಾರ್."

"ಇಲ್ಲ ಅಂದ್ರೆ? ನಾನು ಕಣ್ಣಾರೆ ನೋಡ್ದೆ. ಭುಜ ಎರಡೂ ಅಲ್ಲಾಡ್ತಿತ್ತು."

"ನನಗೆ ಗೊತ್ತಾಗ್ಲಿಲ್ಲ ಸಾರ್. ಅದು ನನ್ನ ಹಿಂದೆ ನಡೆದದ್ದು."

ಲೈಟಿನವರೆಲ್ಲ ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ. ಮತ್ತೆ ತೆಗೆದರು, ಮತ್ತೆ ಅದೇ ಆಯಿತು. ಮೂರನೆಯದಕ್ಕೆ ಹೊತ್ತಾಯಿತು ಎಂದು ನಿಲ್ಲಿಸಿದರು.

ಮೇ 8

ತೆಗೆದದ್ದನ್ನು ಹೀರೋಗೆ ತೋರಿಸಿದರಂತೆ. ಅವರು ನೋಡಿ, ಕೋಪ ಮಾಡಿಕೊಳ್ಳದೆ, "ಅಲ್ಲಾ ಸ್ವಾಮಿ, ಮುಂದುಗಡೆ ನಾನು ಕಲ್ಲು. ಹಿಂದುಗಡೆ ನಾನು ಅಳುಬುರುಕ. ಜನ ಯಾವ ಕಡೇದನ್ನ ನಂಬಬೇಕು?" ಅಂದರಂತೆ. ನ್ಯಾಯವಾದ ಪ್ರಶ್ನೆ. ಅವರು ಮತ್ತೆ ಬಂದು ಮುಖ ಕೊಡಲು ದಿನ ಖಾಲಿಯಿಲ್ಲ. ಆದ್ದರಿಂದ ಬೆನ್ನೇ ಬದಲಾಗಬೇಕು.

ಮ್ಯಾನೇಜರ್ ನನ್ನನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋದರು. "ಹನ್ನೆರಡನೇ ತಾರೀಖು ಮತ್ತೆ ತೆಗೀತೀವಿ. ಅವತ್ತೇ ಪಕ್ಕದ ಫ್ಲೋರಲ್ಲಿ ಸಹಾಯಕ ನಿರ್ದೇಶಕರು ಹೋಟೆಲ್ ಸೀನಿನ ಮಾಣಿ ಮುಖ ತೆಗೀತಾರೆ, ಹೀರೋದು ಆಗ್ಲೇ ಆಗಿದೆ. ಬೆನ್ನು ಅಲ್ಲಾಡಿಸಿದ್ಯೋ, ಮಾಣಿ ಕೋಟು ಬೇರೆಯವನಿಗೆ. ಅರ್ಥ ಆಯ್ತಾ?"

"ಆಯ್ತು ಸಾರ್."

"ನಿನಗಲ್ಲ ಕೇಳಿದ್ದು, ಬೆನ್ನಿಗೆ."

ಅಮ್ಮ, ಅಣ್ಣ ಇಬ್ಬರೂ ಹೋಟೆಲ್ ಸೀನು ನೋಡಲು ಬರುತ್ತಾರಂತೆ. ಮ್ಯಾನೇಜರ್ ಒಪ್ಪಿದ್ದಾರೆ. ಅಣ್ಣ ಅವತ್ತು ಅಂಗಡಿ ಮುಚ್ಚುತ್ತಾನಂತೆ. ಅಪ್ಪ ಹೋದ ದಿನ ಬಿಟ್ಟರೆ ಅವನು ಅಂಗಡಿ ಮುಚ್ಚಿದ್ದು ನನಗೆ ನೆನಪಿಲ್ಲ.

ಮೇ 12

ಬೆಳಿಗ್ಗೆ ಡಬ್ಬಿಯ ದೃಶ್ಯ. ಹಲಗೆಯ ಗೋಡೆ, ಗಾಜಿಲ್ಲದ ಕಿಟಕಿ, ಉರಿಯದ ಒಲೆ, ಎಲ್ಲ ಇದ್ದಲ್ಲೇ ಇದ್ದವು. ಉಸಿರು ಬಿಗಿಹಿಡಿದು ನಿಂತೆ. ದೊಡ್ಡಮ್ಮನ ಮಾತು ಕಿವಿಗೆ ಬೀಳದಂತೆ ಮನಸ್ಸಿನಲ್ಲಿ ಮಗ್ಗಿ ಹೇಳಿಕೊಂಡೆ. ಭುಜ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ನಿರ್ದೇಶಕರು, "ಭೇಷ್, ಹೀಗೆ ನಿಲ್ಲು," ಅಂದರು.

ಆದರೆ ದೊಡ್ಡಮ್ಮ ಮಾತು ನಿಲ್ಲಿಸಿಬಿಟ್ಟರು. ಡಬ್ಬಿ ಕೆಳಗಿಟ್ಟು, "ಬರ್ತಿಲ್ಲಪ್ಪಾ," ಅಂದರು.

ಮತ್ತೆ ತೆಗೆದರು. ಮತ್ತೆ ಬರಲಿಲ್ಲ. ಸಾಲುಗಳೆಲ್ಲ ಬಂದವು; ಮುಚ್ಚಳ ಒತ್ತಿದಾಗ ಅದು ಬರೀ ಮುಚ್ಚಳವಾಗಿತ್ತು. ಅವರು ಕುರ್ಚಿಯ ಮೇಲೆ ಕೂತು ಶಾಲು ಸರಿಮಾಡಿಕೊಂಡರು. ಮೊದಲ ಸಲ ಅವರಿಗೆ ವಯಸ್ಸಾಗಿರುವುದು ಕಂಡಿತು.

"ಎದುರಿಗೆ ಅಂಗಿ ಮಾತ್ರ ನಿಂತಿದೆ," ಅಂದರು ನಿರ್ದೇಶಕರಿಗೆ. "ಹುಡುಗನ ತಪ್ಪಲ್ಲ, ಅಲ್ಲಾಡಬೇಡ ಅಂದಿದೀರಿ. ಒಂದು ಕೆಲಸ ಮಾಡಿ. ಆ ಅಂಗಿ ಬೇರೆ ಯಾರಿಗಾದ್ರೂ ಹಾಕಿ ನಿಲ್ಲಿಸಿ. ಇವನು ಕ್ಯಾಮೆರಾ ಪಕ್ಕದಲ್ಲಿ ನಿಂತು ನನ್ನ ಜೊತೆ ಮಾತಾಡ್ಲಿ."

ಬಾಗಿಲಿಗೆ ಮೊಳೆ ಹೊಡೆಯುತ್ತಿದ್ದ ಬಡಗಿಗೆ ಅಂಗಿ ತೊಡಿಸಿದರು. ಎಷ್ಟು ಚೆನ್ನಾಗಿ ನಿಂತ ಎಂದರೆ ನನಗೆ ಹೊಟ್ಟೆಕಿಚ್ಚಾಯಿತು. ನಾನು ಕ್ಯಾಮೆರಾದ ಪಕ್ಕ, ಅದರ ಮೈಗೆ ಕೆನ್ನೆ ತಾಗುವಷ್ಟು ಹತ್ತಿರ ಹೋಗಿ ನಿಂತೆ. ಅಲ್ಲಿಂದ ದೊಡ್ಡಮ್ಮನ ಕಣ್ಣು ಸೀದಾ ಕಾಣುತ್ತದೆ. ಕ್ಯಾಮೆರಾಗೆ ಮಾತ್ರ ನಾನು ಒಂದು ಚೂರೂ ಕಾಣುವುದಿಲ್ಲ; ಭುಜ ಕೂಡ ಇಲ್ಲ.

ಆಗ ಮ್ಯಾನೇಜರ್ ಬಾಗಿಲಲ್ಲಿ ಮಾಣಿಯ ಬಿಳಿ ಕೋಟು ಹಿಡಿದು ನಿಂತರು.

"ಬೆನ್ನಪ್ಪ, ಬಾ ಬಾ. ಅಲ್ಲಿ ಎಲ್ಲಾ ರೆಡಿ. ನಿಮ್ಮ ಮನೆಯವರೂ ಬಂದು ಕೂತಿದಾರೆ."

ದೊಡ್ಡಮ್ಮ ನನ್ನನ್ನು ನೋಡಿದರು. "ಹೋಗಪ್ಪ. ಮುಖ ಕಾಣೋ ಪಾರ್ಟು, ಬಿಡಬೇಡ. ನಾನು ಹೇಗೋ ಮಾಡ್ಕೋತೀನಿ."

ಹೇಗೋ ಮಾಡ್ಕೋತೀನಿ ಅಂದವರು ಡಬ್ಬಿಯನ್ನು ಎತ್ತಿಕೊಂಡರು. ಮುಚ್ಚಳ ಬೆರಳುಗಳಿಂದ ಎರಡು ಸಲ ಜಾರಿತು; ಅದು ನಟನೆಯಲ್ಲ.

"ಇದೊಂದು ಮುಗಿಸಿ ಓಡಿ ಬರ್ತೀನಿ ಸಾರ್," ಅಂದೆ.

"ಆ ಫ್ಲೋರಿನವರು ಕಾಯಲ್ಲ ಕಣಯ್ಯ."

ಅದಕ್ಕೆ ನಾನು, "ಗೊತ್ತು ಸಾರ್," ಅಂದೆನಂತೆ. ನನಗೆ ನೆನಪಿಲ್ಲ. ಆಮೇಲೆ ಬಡಗಿ ಹೇಳಿದ. ನನ್ನ ಗಮನವೆಲ್ಲ ಆ ಬೆರಳುಗಳ ಮೇಲಿತ್ತು.

ಕ್ಯಾಮೆರಾ ಓಡತೊಡಗಿತು. ಅವರು ಹೇಳಿದರು, ನಾನು ಕೇಳಿದೆ. ನನ್ನ ಸಾಲು ಬಂದಾಗ ಅದು ಎಲ್ಲಿಂದ ಬಂತೋ ಗೊತ್ತಿಲ್ಲ. ನಾನು ತಯಾರು ಮಾಡಿಟ್ಟುಕೊಂಡಿದ್ದ ಯಾವ ಧ್ವನಿಯೂ ಅದಾಗಿರಲಿಲ್ಲ. ಅವರು ಡಬ್ಬಿಯ ಮುಚ್ಚಳ ಒತ್ತಿ, ನನ್ನ ಮುಖ ನೋಡಿ, "ಕೆಲಸ ಇಲ್ಲದವನಿಗೂ" ಎನ್ನುವಷ್ಟರಲ್ಲಿ ಅವರ ಕಣ್ಣು ತುಂಬಿತು. ಆದರೆ ತಾಯಿ ಮಗನೆದುರು ಅಳಬಾರದು ಎಂದು ಅದನ್ನು ಅಲ್ಲೇ ತಡೆದು ನಿಲ್ಲಿಸಿ, ಒಂದು ಸಣ್ಣ ನಗು ನಕ್ಕು, ಉಳಿದದ್ದನ್ನು ಹೇಳಿದರು. ಹಾಗೆ ನಗುವುದೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಆ ನಗುವನ್ನು ನಾನು ಬಿಡಿಸಿ ಬರೆಯಲಾರೆ. ಹತ್ತಿರದಿಂದ ನೋಡಿದೆ, ಅಷ್ಟೇ ಹೇಳಬಲ್ಲೆ.

ನಿರ್ದೇಶಕರು 'ಕಟ್' ಅನ್ನುವುದನ್ನು ಮರೆತಿದ್ದರು. ದೊಡ್ಡಮ್ಮನೇ, "ಮುಗೀತು ಕಣಪ್ಪ," ಅಂತ ನೆನಪು ಮಾಡಿದರು. ಆಮೇಲೆ ಹತ್ತಿರ ಬಂದು ತಮ್ಮ ಶಾಲಿನಿಂದ ನನ್ನ ಮುಖ ಒರೆಸಿದರು. ಒದ್ದೆಯಾಗಿದೆಯೆಂದು ನನಗೆ ಆಗಲೇ ಗೊತ್ತಾದದ್ದು. "ನಾಳೆಯಿಂದ ನನ್ನೆದುರು ಇವನೇ ಇರಲಿ," ಅಂದರು.

ತಲೆ ಎತ್ತಿದರೆ, ಸೆಟ್ಟಿನ ಗಾಜಿಲ್ಲದ ಕಿಟಕಿಯಾಚೆ ಅಮ್ಮ, ಅಣ್ಣ ನಿಂತಿದ್ದರು. ಹೋಟೆಲ್ ಸೀನು ಮುಗಿದಿತ್ತು. ಕೋಟನ್ನು ಸ್ಟುಡಿಯೋದಲ್ಲಿ ಚಹಾ ಕೊಡುವವನಿಗೆ ಹಾಕಿದ್ದರು. ಇವರಿಬ್ಬರೂ ಅವನನ್ನು ಪೂರ್ತಿ ನೋಡಿ, ಇವನು ನಮ್ಮವನಲ್ಲ ಎಂದು ಖಚಿತವಾದ ಮೇಲೆ, ನನ್ನನ್ನು ಹುಡುಕಿಕೊಂಡು ಬಂದಿದ್ದರು. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದರೋ.

ಹೊರಗೆ ಬಸ್ ಸ್ಟಾಪಿನವರೆಗೆ ಮೂವರೂ ನಡೆದೆವು. ಅಮ್ಮ ಮೊದಲು ಮಾತಾಡಿದಳು.

"ಯಾವನೋ ಬಂದು ನಿನ್ನ ಮಾತು ಹೇಳಿಬಿಟ್ಟ ಕಣೋ. ಇನ್ನೇನು ಬೇಕು ಅಂತ. ಅವನು ಕೇಳಿದ ರೀತಿಗೆ ಏನೂ ಬೇಡ ಅನ್ನಿಸ್ತು."

ಅಣ್ಣ ದಾರಿಯ ಕಲ್ಲೊಂದನ್ನು ಕಾಲಿನಿಂದ ತಳ್ಳಿದ. ಆಮೇಲೆ, "ಆ ಕ್ಯಾಮೆರಾ ನಿನ್ನ ಕಡೆ ತಿರುಗೇ ಇರ್ಲಿಲ್ಲ," ಅಂದ.

"ಇಲ್ಲಣ್ಣ."

"ಈ ಚಿತ್ರದಲ್ಲಿ ನಿನ್ನ ಮುಖ ಎಲ್ಲೂ ಕಾಣಲ್ಲ ಹಾಗಾದ್ರೆ. ಇಲ್ಲಂತೂ ಬೆನ್ನೂ ಇಲ್ಲ."

"ಇಲ್ಲ. ಈ ಸೀನಲ್ಲಿ ಬೆನ್ನು ಬಡಗೀದು."

"ಮತ್ತೆ ಯಾರೂ ತೆಗೀದೇ ಇರೋದಕ್ಕೆ ಅಷ್ಟೊಂದು ಯಾಕೆ…" ಅಣ್ಣ ಕೈಯನ್ನು ಮುಖದ ಮುಂದೆ ಆಡಿಸಿದ.

"ಅವರಿಗೆ ಬೇಕಾಗಿತ್ತು," ಅಂದೆ. ಆಮೇಲೆ ನಾನೇ ಹೇಳಿದೆ, "ನಾಳೆ ಬೇಡ ಅಣ್ಣ, ದೊಡ್ಡಮ್ಮಂಗೆ ಇನ್ನೂ ಸ್ವಲ್ಪ ಸೀನು ಬಾಕಿ ಇದೆ. ಅದಾದ ಮೇಲೆ ಅಂಗಡಿಗೆ ಬರ್ತೀನಿ. ಮಾತು ಮಾತೇ."

ಅಣ್ಣ ಬಸ್ ಸ್ಟಾಪಿನ ಬೆಂಚಿನ ಧೂಳು ಹೊಡೆದು ಅಮ್ಮನನ್ನು ಕೂರಿಸಿದ. ನನ್ನ ಕಡೆ ನೋಡದೆ ಅವಳಿಗೇ ಹೇಳಿದ.

"ಇವನನ್ನ ಅಂಗಡೀಲಿ ಕೂರಿಸಿದ್ರೆ ನಾವು ಕೆಟ್ವಿ ಅಮ್ಮ. ಗಿರಾಕಿಗಳು ಹಾಸಿಗೆ ಕೊಳ್ಳೋಕೆ ಬರ್ತಾರಾ? ನಿದ್ದೆ ಬರಲ್ಲ, ಸೊಂಟ ನೋವು, ಮಗ ಮಾತಾಡ್ಸಲ್ಲ, ಇದನ್ನೆಲ್ಲ ಹೇಳ್ಕೊಳ್ಳೋಕೆ ಬರ್ತಾರೆ. ಇವನು ಎದುರಿಗೆ ಕೂತು ಎಲ್ಲಾ ಕೇಳಿಸ್ಕೊಂಡು ಕಣ್ಣೀರು ಹಾಕ್ತಾನೆ. ಅವರಿಗೆ ಅಲ್ಲೇ ಸಮಾಧಾನ ಆಗಿ ಹಾಗೇ ಎದ್ದು ಹೋಗ್ತಾರೆ. ಒಂದು ದಿಂಬೂ ಮಾರಾಟ ಆಗಲ್ಲ. ನನಗೆ ಬೇಡ ಇವನು. ಬೇರೆ ಯಾರನ್ನಾದ್ರೂ ನೋಡ್ಕೋತೀನಿ."

"ನಿನ್ನೊಬ್ಬನ ಕೈಲಿ ಆಗಲ್ಲ ಅಂದಿದ್ದೆಯಲ್ಲ ಅಣ್ಣ," ಅಂದೆ.

"ಬೇಡ ಅಂದ್ರೆ ಬೇಡ. ವಾದ ಮಾಡ್ಬೇಡ."

ಅಮ್ಮ ಅವನ ಅಂಗಿಯ ತೋಳಿಗೆ ಅಂಟಿದ್ದ ಹತ್ತಿಯ ಎಳೆಯೊಂದನ್ನು ಬಿಡಿಸಿ ತೆಗೆದಳು. ಬಸ್ಸು ಬಂತು. ಜನ ಕಡಿಮೆಯಿದ್ದರು. ಅಣ್ಣ ಮೊದಲು ಹತ್ತಿದ. ಕಿಟಕಿಯ ಸೀಟಿನ ಹತ್ತಿರ ಹೋಗಿ, ಕೂರದೆ, ಪಕ್ಕಕ್ಕೆ ಸರಿದು ನಿಂತ. ಹುಟ್ಟಿದಾಗಿನಿಂದ ಆ ಸೀಟಿಗೆ ನಾವಿಬ್ಬರೂ ಹೊಡೆದಾಡಿದ್ದೇವೆ, ಅವನು ಒಮ್ಮೆಯೂ ಬಿಟ್ಟುಕೊಟ್ಟಿಲ್ಲ.

"ಕೂತ್ಕೋ," ಅಂದ. "ನಿಂತು ನಿಂತು ಸಾಕಾಗಿರ್ಬೇಕು."